ಅನಿಲ ಎಲ್ಲಿಗೆ ಹೋಯಿತು?

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಊರುಗಳ ಮೋಟಾರು ಗ್ಯಾರೇಜುಗಳ ಮುಂದೆ ಹಳೆಯ ಕಾರುಗಳ ಸಾಲು ಬೆಳೆಯತೊಡಗುತ್ತದೆ. ಎಲ್ಲರದೂ ಒಂದೇ ದೂರು: "ಏ.ಸಿ. ತಂಪು ಕೊಡುತ್ತಿಲ್ಲ." ಎಲ್ಲರಿಗೂ ದೊರೆಯುವ ಉತ್ತರವೂ ಒಂದೇ: "ಗ್ಯಾಸ್ ಕಡಮೆಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ." ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಹಣ ಸಂದಾಯವಾಗುತ್ತದೆ, ಕಾರು ತಣ್ಣನೆಯ ಗಾಳಿಯನ್ನು ಊದುತ್ತ ಹೊರಟುಹೋಗುತ್ತದೆ. ಮುಂದಿನ ಬೇಸಗೆಯಲ್ಲಿ ಅದೇ ಕಾರು, ಅದೇ ಅಂಗಡಿಯ ಮುಂದೆ, ಅದೇ ದೂರನ್ನು ಹೊತ್ತು ನಿಂತಿರುತ್ತದೆ.

ಈ ವಾರ್ಷಿಕ ವಿಧಿಯಲ್ಲಿ ಕಾರಿನ ಒಡೆಯನಾಗಲಿ ಮೆಕ್ಯಾನಿಕನಾಗಲಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಹೋದ ವರ್ಷ ತುಂಬಿಸಿದ ಅನಿಲ ಎಲ್ಲಿಗೆ ಹೋಯಿತು? ಪೆಟ್ರೋಲು ಎಂಜಿನಿನಲ್ಲಿ ಉರಿದು ಮುಗಿಯುತ್ತದೆ. ಟಯರು ರಸ್ತೆಗೆ ಉಜ್ಜಿ ಸವೆಯುತ್ತದೆ. ವಾತಾನುಕೂಲ ಯಂತ್ರದ ಒಳಗಿನ ಅನಿಲವಾದರೋ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರತಕ್ಕದ್ದು. ಅದು ಕಡಮೆಯಾಗಿದೆ ಎಂದರೆ ಎಲ್ಲಿಯೋ ಒಂದು ಕಡೆ ಸೋರಿದೆ ಎಂದೇ ಅರ್ಥ. ಸೋರಿದ ಎಡೆಯನ್ನು ಹುಡುಕಿ ಮುಚ್ಚದೆ ಮತ್ತೆ ಅನಿಲ ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ. ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಇದು ಒಡೆಯನ ಹಣಕ್ಕೆ ನಷ್ಟ, ಯಂತ್ರದ ಆಯುಸ್ಸಿಗೆ ನಷ್ಟ, ಎಲ್ಲಕ್ಕಿಂತ ಮಿಗಿಲಾಗಿ ನಾವೆಲ್ಲರೂ ಹಂಚಿಕೊಂಡಿರುವ ವಾಯುಮಂಡಲಕ್ಕೆ ನಷ್ಟ. ಕಾರಣವನ್ನು ಕ್ರಮವಾಗಿ ವಿವರಿಸುತ್ತೇವೆ.

ತಂಪು ಹುಟ್ಟುವ ಬಗೆ

ಮಣ್ಣಿನ ಹೂಜಿಯ ನೀರು ಕಡುಬೇಸಗೆಯಲ್ಲಿಯೂ ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಅದು ಒಳಗೆ ಉಳಿದ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಕಾರಿನ ಯಂತ್ರ ದುಡಿಯುವುದೂ ಇದೇ ತತ್ತ್ವದ ಮೇಲೆ. ಭೇದವಿರುವುದು ಒಂದೇ ಅಂಶದಲ್ಲಿ: ಹೂಜಿ ತನ್ನ ಆವಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಕಾರಿನ ಯಂತ್ರ ಆವಿಯನ್ನು ಹಿಡಿದು, ಪುನಃ ದ್ರವವಾಗಿಸಿ, ಪುನಃ ಬಳಸುತ್ತದೆ.

ಇದಕ್ಕಾಗಿ ಆರಿಸಿಕೊಂಡಿರುವ ವಸ್ತು ನೀರಲ್ಲ, ಬಹು ಕಡಮೆ ಉಷ್ಣತೆಯಲ್ಲಿ ಕುದಿಯುವ ಒಂದು ಶೈತ್ಯಕಾರಿ. ಇಂದು ನಮ್ಮ ದೇಶದಲ್ಲಿ ಓಡಾಡುತ್ತಿರುವ ಹಳೆಯ ಕಾರುಗಳಲ್ಲಿ ಬಹುಪಾಲಿಗೆ ತುಂಬಿರುವುದು ಆರ್-134ಎ ಎಂಬ ಅನಿಲ. ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಕುದಿಯುತ್ತದೆ. ಎಂಜಿನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಇದರ ಆವಿಯನ್ನು ಒತ್ತಿ, ವಾತಾವರಣದ ಒತ್ತಡದ ಹದಿಮೂರರಿಂದ ಹದಿನೇಳು ಪಟ್ಟಿಗೆ ಏರಿಸುತ್ತದೆ. ಬಿಸಿಯಾದ ಆ ಆವಿ ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರಿನಲ್ಲಿ ತನ್ನ ಉಷ್ಣವನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ದ್ರವವು ಡ್ರೈಯರ್ ಬಾಟಲಿಯ ಮೂಲಕ ಹಾದು, ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ಕಂಡಿಯನ್ನು ದಾಟುತ್ತಲೇ ಒತ್ತಡ ಥಟ್ಟನೆ ಇಳಿಯುತ್ತದೆ. ಆಗ ಅದು ಮುಂದಿನ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತ, ಕಾರಿನೊಳಗಿನ ಗಾಳಿಯ ಉಷ್ಣವನ್ನು ಹೀರುತ್ತದೆ. ಈ ಆವಿಯನ್ನು ಕಂಪ್ರೆಸರ್ ಮರಳಿ ಎಳೆದುಕೊಳ್ಳುತ್ತದೆ. ಚಕ್ರ ಮೊದಲಿನಿಂದ ಆರಂಭವಾಗುತ್ತದೆ. ಚಿಕ್ಕ ಕಾರೊಂದರಲ್ಲಿ ಈ ಎಲ್ಲ ಕೆಲಸವನ್ನೂ ಮಾಡುವ ಶೈತ್ಯಕಾರಿಯ ತೂಕ ಸುಮಾರು ಅರ್ಧ ಕಿಲೋಗ್ರಾಮು ಮಾತ್ರ.

ಕಾರು ಸೋರುವುದೇಕೆ?

ಮನೆಯ ಶೀತಕಪೆಟ್ಟಿಗೆ ಇಪ್ಪತ್ತು ವರ್ಷ ದುಡಿದರೂ ಅದಕ್ಕೆ ಗ್ಯಾಸ್ ತುಂಬಿಸುವ ಪ್ರಸಂಗ ಬಾರದೆ ಇರುವುದುಂಟು. ಕಾರಿನ ಯಂತ್ರಕ್ಕೆ ಆ ಭಾಗ್ಯವೇಕಿಲ್ಲ? ಉತ್ತರ ಎರಡರ ರಚನೆಯಲ್ಲಿದೆ. ಶೀತಕಪೆಟ್ಟಿಗೆಯಲ್ಲಿ ಮೋಟಾರೂ ಕಂಪ್ರೆಸರೂ ಬೆಸುಗೆ ಹಾಕಿದ ಒಂದೇ ಉಕ್ಕಿನ ಚಿಪ್ಪಿನೊಳಗೆ ಕುಳಿತಿರುತ್ತವೆ. ಹೊರಕ್ಕೆ ಬರುವುದು ವಿದ್ಯುತ್ತಿನ ತಂತಿಗಳು ಮಾತ್ರ. ಕಾರಿನ ಕಂಪ್ರೆಸರನ್ನು ತಿರುಗಿಸುವುದು ಎಂಜಿನಿನ ಬೆಲ್ಟಾದುದರಿಂದ ಅದರ ದಂಡವು ಹೊರಕ್ಕೆ ಚಾಚಿಕೊಂಡಿರಲೇಬೇಕು. ತಿರುಗುವ ದಂಡದ ಸುತ್ತ ಒಂದು ಸೀಲು ಅನಿಲವನ್ನು ತಡೆದು ನಿಲ್ಲಿಸಿರುತ್ತದೆ. ಇದಲ್ಲದೆ ಎಂಜಿನು ಸದಾ ಅದುರುತ್ತಿರುವುದರಿಂದ ಕೊಳವೆಗಳೆಲ್ಲವೂ ಲೋಹದವೇ ಆಗಿರುವುದು ಸಾಧ್ಯವಿಲ್ಲ. ಅಲ್ಲಲ್ಲಿ ಬಾಗುವ ರಬ್ಬರಿನ ಹೋಸ್ ಪೈಪುಗಳನ್ನು ಇರಿಸಬೇಕಾಗುತ್ತದೆ. ಪ್ರತಿಯೊಂದು ಕೂಡಿಕೆಗೂ ಒಂದೊಂದು ರಬ್ಬರಿನ ಓ-ರಿಂಗು.

ರಬ್ಬರು ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ. ಮುಂಭಾಗದ ಕಂಡೆನ್ಸರಿಗೆ ರಸ್ತೆಯ ಕಲ್ಲುಚೂರು ಬಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಂತಹ ಕರಾವಳಿಯ ಊರುಗಳಲ್ಲಿ ಉಪ್ಪುಗಾಳಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಕೂಲಿಂಗ್ ಕಾಯಿಲು ಸದಾ ತೇವವಾಗಿದ್ದು ಧೂಳು, ತರಗೆಲೆಗಳನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ಸವೆಯುತ್ತದೆ. ಮಳೆಗಾಲ ಚಳಿಗಾಲಗಳಲ್ಲಿ ತಿಂಗಳುಗಟ್ಟಲೆ ಯಂತ್ರವನ್ನು ನಡೆಸದೆ ಇಟ್ಟರೆ ಅನಿಲದೊಡನೆ ಸುತ್ತುವ ಎಣ್ಣೆ ಸೀಲನ್ನು ತಲುಪದೆ ಅದು ಒಣಗುತ್ತದೆ. ಬೇಡವಾದ ಕಾಲದಲ್ಲಿಯೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹತ್ತು ನಿಮಿಷ ಯಂತ್ರವನ್ನು ನಡೆಸಬೇಕೆಂದು ಬಲ್ಲವರು ಹೇಳುವುದು ಈ ಕಾರಣಕ್ಕಾಗಿಯೇ.

ಹಾಗಾದರೆ ಎಲ್ಲ ಸೋರಿಕೆಯೂ ದೋಷವೆ? ಇಲ್ಲ. ಸುಸ್ಥಿತಿಯಲ್ಲಿರುವ ಕಾರಿನಿಂದಲೂ ವರ್ಷಕ್ಕೆ ಸ್ವಲ್ಪ ಅನಿಲ ರಬ್ಬರಿನ ಮೂಲಕ ಒಸರಿಹೋಗುತ್ತದೆ. ಯೂರೋಪಿನ ಒಕ್ಕೂಟವು 2006ರಲ್ಲಿ ಹೊರಡಿಸಿದ ನಿರ್ದೇಶವು, ಒಂದೇ ಕೂಲಿಂಗ್ ಕಾಯಿಲುಳ್ಳ ಕಾರಿಗೆ ವರ್ಷಕ್ಕೆ 40 ಗ್ರಾಮುಗಳ ಮಿತಿಯನ್ನು ಗೊತ್ತುಪಡಿಸಿತು. ಅರ್ಧ ಕಿಲೋಗ್ರಾಮು ಹಿಡಿಸುವ ಯಂತ್ರ ಈ ದರದಲ್ಲಿ ಒಸರಿದರೆ ಐದು ವರ್ಷಗಳ ಮೇಲೆ 200 ಗ್ರಾಮು ಕಡಮೆಯಾಗುತ್ತದೆ. ತಂಪು ತಗ್ಗಿದ್ದು ಆಗ ಗಮನಕ್ಕೆ ಬಂದೀತು. ಹೀಗೆ ಹಲವು ವರ್ಷಗಳಿಗೊಮ್ಮೆ ಅನಿಲ ಸೇರಿಸುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪ್ರತಿ ಬೇಸಗೆಯಲ್ಲಿಯೂ ತುಂಬಿಸಬೇಕಾಗುವ ಕಾರಿನಲ್ಲಿ ನಡೆಯುತ್ತಿರುವುದು ಒಸರಲ್ಲ. ಅಲ್ಲಿ ತೂತೇ ಇದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಬೇಸಗೆಯಲ್ಲಿ ನಿಂತ ಕಾರಿನ ಅಡಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಏ.ಸಿ. ಸೋರುತ್ತಿದೆಯೆಂದು ಗಾಬರಿಯಾಗುವವರಿದ್ದಾರೆ. ಅದು ತಣ್ಣನೆಯ ಕಾಯಿಲಿನ ಮೇಲೆ ಗಾಳಿಯ ತೇವಾಂಶ ಹನಿಗಟ್ಟಿ ಇಳಿದ ಶುದ್ಧ ನೀರು. ಯಂತ್ರ ಚೆನ್ನಾಗಿ ದುಡಿಯುತ್ತಿರುವುದಕ್ಕೆ ಕುರುಹು. ಆ ನೀರು ಹೊರಗೆ ಬೀಳುವ ಬದಲು ಕಾರಿನೊಳಗೆ, ಕಾಲಡಿಯ ಹಾಸಿನ ಮೇಲೆ ಹರಿದರೆ ಮಾತ್ರ ನೀರಿಳಿಯುವ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಶೈತ್ಯಕಾರಿಯಾದರೋ ಸೋರುವಾಗ ಕಣ್ಣಿಗೆ ಕಾಣಿಸುವುದಿಲ್ಲ. ಮೂಗಿಗೂ ಸಾಮಾನ್ಯವಾಗಿ ತಿಳಿಯುವುದಿಲ್ಲ. ಕೂಡಿಕೆಯ ಸುತ್ತ ಧೂಳನ್ನು ಹಿಡಿದು ಕಪ್ಪಗಾದ ಎಣ್ಣೆಯ ಕಲೆ ಒಂದೇ ಅದರ ಹೆಜ್ಜೆಯ ಗುರುತು.

ಒತ್ತಡ ಬೇರೆ, ಪ್ರಮಾಣ ಬೇರೆ

ಗ್ಯಾಸ್ ತುಂಬುವವನು ಸಾಮಾನ್ಯವಾಗಿ ಮಾಡುವುದೇನು? ಗೇಜನ್ನು ಜೋಡಿಸಿ, ಮುಳ್ಳು ತನಗೆ ತಿಳಿದ ಅಂಕೆಗೆ ಬರುವವರೆಗೆ ಅನಿಲವನ್ನು ಬಿಟ್ಟು, ಗಾಳಿಯ ಕಂಡಿಗೆ ಕೈಯೊಡ್ಡಿ "ತಣ್ಣಗಿದೆ" ಎಂದು ತೀರ್ಪು ಕೊಡುವುದು. ವಿಜ್ಞಾನದ ವಿದ್ಯಾರ್ಥಿಗಳು ಈ ಕ್ರಮವನ್ನು ಸ್ವಲ್ಪ ಪರಿಶೀಲಿಸಬೇಕು.

ಮುಚ್ಚಿದ ಪಾತ್ರೆಯಲ್ಲಿ ಒಂದು ವಸ್ತುವಿನ ದ್ರವವೂ ಆವಿಯೂ ಜೊತೆಯಲ್ಲಿದ್ದರೆ ಒಳಗಿನ ಒತ್ತಡವನ್ನು ನಿರ್ಣಯಿಸುವುದು ಉಷ್ಣತೆಯೇ ಹೊರತು ವಸ್ತುವಿನ ಪ್ರಮಾಣವಲ್ಲ. ಇದಕ್ಕೆ ನಿದರ್ಶನ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಅಡುಗೆ ಅನಿಲದ ಸಿಲಿಂಡರು ತುಂಬಿದ್ದಾಗಲೂ, ಮುಕ್ಕಾಲು ಬರಿದಾದಾಗಲೂ ಒಲೆಯ ಉರಿ ಒಂದೇ ಸಮನಾಗಿರುತ್ತದೆ. ಕೊನೆಯ ದ್ರವ ಮುಗಿದ ಮೇಲಷ್ಟೆ ಅದು ಕುಗ್ಗುತ್ತದೆ. ಸಿಲಿಂಡರನ್ನು ಒತ್ತಡ ನೋಡಿ ಮಾರದೆ 14.2 ಕಿಲೋಗ್ರಾಮು ಎಂದು ತೂಗಿ ಮಾರುವುದು ಈ ಕಾರಣದಿಂದ. ಆರ್-134ಎ ಕೂಡ ಹೀಗೆಯೇ. ಎಂಜಿನು ನಿಂತಿರುವಾಗ, ಉಷ್ಣತೆ 30 ಡಿಗ್ರಿ ಇದ್ದರೆ, ಯಂತ್ರದಲ್ಲಿ 500 ಗ್ರಾಮು ಇರಲಿ 250 ಗ್ರಾಮು ಇರಲಿ, ಒಳಗಿನ ಒತ್ತಡ ವಾತಾವರಣದ ಸುಮಾರು ಏಳೂವರೆ ಪಟ್ಟೇ ಆಗಿರುತ್ತದೆ. ಎಂಜಿನು ಓಡುತ್ತಿರುವಾಗಲೂ ಗೇಜಿನ ಮುಳ್ಳು ಅನಿಲದ ಪ್ರಮಾಣವೊಂದನ್ನೇ ತೋರಿಸುವುದಿಲ್ಲ. ಹೊರಗಿನ ಬಿಸಿಲು, ಗಾಳಿಯ ತೇವ, ಎಂಜಿನಿನ ವೇಗ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಗೇಜಿನ ಅಂಕೆಯನ್ನೂ ಮಡಿಕೇರಿಯ ಅಂಕೆಯನ್ನೂ ಒಂದೇ ಕೋಲಿನಿಂದ ಅಳೆಯಲಾದೀತೆ?

ಆದುದರಿಂದ ಒಳಗೆ ಎಷ್ಟಿದೆ ಎಂಬುದನ್ನು ತಿಳಿಯದೆ ಮೇಲೆ ಸೇರಿಸುವುದು ಊಹೆಯ ಕೆಲಸವಾಗುತ್ತದೆ. ಕಡಮೆಯಾದರೆ ಎಣ್ಣೆ ಕಂಪ್ರೆಸರಿಗೆ ಸರಿಯಾಗಿ ಮರಳದೆ ಅದು ಬಿಸಿಯಾಗಿ ಸವೆಯುತ್ತದೆ. ಹೆಚ್ಚಾದರೆ ಒತ್ತಡ ಮಿತಿಮೀರಿ, ಆವಿಯನ್ನಷ್ಟೆ ಒತ್ತಬಲ್ಲ ಕಂಪ್ರೆಸರಿಗೆ ದ್ರವವೇ ನುಗ್ಗುವ ಅಪಾಯವುಂಟು. ಸರಿಯಾದ ಕ್ರಮ ಬೇರೆಯೇ ಇದೆ. ಉಳಿದಿರುವ ಅನಿಲವನ್ನು ಯಂತ್ರದಿಂದ ಹೊರತೆಗೆದು ಸಿಲಿಂಡರಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಎಷ್ಟು ದೊರೆಯಿತೆಂದು ತೂಗಬೇಕು. ಎಷ್ಟು ಸೋರಿದೆ ಎಂಬುದು ಆಗ ತಾನೇ ತಿಳಿಯುತ್ತದೆ. ಬಳಿಕ ಒಣ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಕೂಡಿಕೆಗಳಿಗೆ ಸಾಬೂನು ನೀರನ್ನು ಹಚ್ಚಿ ಗುಳ್ಳೆ ಏಳುವ ಎಡೆಯನ್ನು ಹುಡುಕಬೇಕು. ಇಲ್ಲವೆ ನೇರಿಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನೋ ವಿದ್ಯುನ್ಮಾನ ಶೋಧಕವನ್ನೋ ಬಳಸಬೇಕು. ಈ ಪರೀಕ್ಷೆಗೆ ಆಮ್ಲಜನಕದ ಸಿಲಿಂಡರನ್ನು ಎಂದಿಗೂ ಜೋಡಿಸಕೂಡದು. ಒತ್ತಡದಲ್ಲಿರುವ ಆಮ್ಲಜನಕ ಎಣ್ಣೆಯೊಡನೆ ಸೇರಿದರೆ ಸ್ಫೋಟವಾಗುತ್ತದೆ.

ಸೋರಿಕೆಯನ್ನು ಸರಿಪಡಿಸಿದ ಮೇಲೆ ನಿರ್ವಾತ ಪಂಪನ್ನು ಜೋಡಿಸಿ ಒಳಗಿನ ಗಾಳಿಯನ್ನೂ ತೇವವನ್ನೂ ಹೊರದೂಡಬೇಕು. ಒತ್ತಡವನ್ನು ವಾತಾವರಣದ ಇಪ್ಪತ್ತನಾಲ್ಕನೆಯ ಒಂದು ಪಾಲಿಗಿಂತ ಕೆಳಕ್ಕಿಳಿಸಿದರೆ ನೀರು 30 ಡಿಗ್ರಿಯಲ್ಲಿಯೇ ಕುದಿದು ಹೋಗುತ್ತದೆ. ತೇವ ಉಳಿದರೆ ಅದು ವಾಲ್ವಿನ ಕಂಡಿಯಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಎಣ್ಣೆಯೊಡನೆ ಸೇರಿ ಆಮ್ಲಗಳನ್ನು ಹುಟ್ಟಿಸಿ ಲೋಹವನ್ನು ತಿನ್ನುತ್ತದೆ. ನಿರ್ವಾತವು ಕೆಲವು ಹೊತ್ತು ನಿಂತಿತೆಂದ ಮಾತ್ರಕ್ಕೆ ಸೋರಿಕೆಯಿಲ್ಲವೆಂದು ತೀರ್ಮಾನಿಸಲಾಗದು. ನಿರ್ವಾತದಲ್ಲಿ ಹೊರಗಿನಿಂದ ಒಳಕ್ಕೆ ಒತ್ತುವುದು ಒಂದು ವಾತಾವರಣದ ಬಲ ಮಾತ್ರ. ಯಂತ್ರ ನಡೆಯುವಾಗ ಒಳಗಿನಿಂದ ಹೊರಕ್ಕೆ ಒತ್ತುವುದು ಅದರ ಹತ್ತಾರು ಪಟ್ಟು. ಕೊನೆಯಲ್ಲಿ, ಕಾರಿನ ಮುಂಭಾಗದ ಚೀಟಿಯಲ್ಲಿ ನಮೂದಿಸಿರುವ ಗ್ರಾಮುಗಳಷ್ಟು ಅನಿಲವನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು.

ಒಂದು ಹಳೆಯ ಪಾಠ

ಸೋರಿದ ಅನಿಲ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಗ್ಯಾರೇಜಿನವರು ಮಾತ್ರವೇ ಮರೆತರೆಂದು ದೂರುವುದು ನ್ಯಾಯವಲ್ಲ. ಘನ ವಿಜ್ಞಾನಿಗಳೂ ಅದನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕೇಳದೆ ಬಿಟ್ಟಿದ್ದರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಶೀತಕಯಂತ್ರಗಳಿಗೆ ಅಮೋನಿಯ, ಗಂಧಕದ ಡೈ ಆಕ್ಸೈಡ್, ಮೀಥೈಲ್ ಕ್ಲೋರೈಡುಗಳನ್ನು ಬಳಸುತ್ತಿದ್ದರು. ಇವು ಸೋರಿದರೆ ಮನೆಯವರ ಪ್ರಾಣಕ್ಕೇ ಸಂಚಕಾರ. ಸುರಕ್ಷಿತವಾದ ಬದಲಿ ವಸ್ತುವನ್ನು ಅರಸುತ್ತ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವರ ಸಹಚರರು 1928ರಲ್ಲಿ ಕ್ಲೋರೊಫ್ಲೂರೊ ಕಾರ್ಬನ್ ಸಂಯುಕ್ತಗಳನ್ನು ಹಿಡಿದು ತಂದರು. 1930ರಲ್ಲಿ ಅಮೆರಿಕದ ರಸಾಯನವಿಜ್ಞಾನಿಗಳ ಸಂಘದ ಸಭೆಯಲ್ಲಿ ಮಿಜ್ಲಿಯವರು ಆ ಅನಿಲವನ್ನು ತಾವೇ ಉಸಿರಿನೊಡನೆ ಎಳೆದುಕೊಂಡು, ಉರಿಯುವ ಮೋಂಬತ್ತಿಯ ಮೇಲೆ ಊದಿ ಅದನ್ನು ನಂದಿಸಿದರು. ಅನಿಲ ವಿಷವಲ್ಲ, ಉರಿಯುವುದೂ ಇಲ್ಲ ಎಂಬುದು ಒಂದೇ ಉಸಿರಿನಲ್ಲಿ ಸಿದ್ಧವಾಯಿತು. ಇವುಗಳ ಪೈಕಿ ಆರ್-12 ಎಂಬುದು ಮುಂದೆ ಕಾರುಗಳ ಶೈತ್ಯಕಾರಿಯೂ ಆಯಿತು. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳಿಗೆ ಕಾರ್ಖಾನೆಯಿಂದಲೇ ತಂಪು ಯಂತ್ರವನ್ನು ಜೋಡಿಸಿ ಮಾರತೊಡಗಿತು.

ಯಾವುದರೊಡನೆಯೂ ಸುಲಭವಾಗಿ ಸೇರದ ಈ ಅನಿಲದ ಸದ್ಗುಣವೇ ಅದರ ದುರ್ಗುಣವೂ ಆಗಿತ್ತು. ಕೆಳಗಿನ ವಾಯುಮಂಡಲದಲ್ಲಿ ಅದನ್ನು ನಾಶಮಾಡತಕ್ಕ ಶಕ್ತಿ ಯಾವುದೂ ಇರಲಿಲ್ಲ. ಸೋರಿದುದೆಲ್ಲವೂ ಸುಮಾರು ಒಂದು ನೂರು ವರ್ಷ ಉಳಿಯಬಲ್ಲುದಾಗಿತ್ತು. ಮಾರಿಯೊ ಮೊಲೀನ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು ಕೇಳಿದ ಪ್ರಶ್ನೆ ನಮ್ಮ ಪ್ರಶ್ನೆಯೇ: ಇಷ್ಟೆಲ್ಲ ಅನಿಲ ಎಲ್ಲಿಗೆ ಹೋಗುತ್ತದೆ? ಅವರು 1974ರಲ್ಲಿ ಕೊಟ್ಟ ಉತ್ತರ ಜಗತ್ತನ್ನು ಬೆಚ್ಚಿಬೀಳಿಸಿತು. ಅನಿಲವು ಮೆಲ್ಲನೆ ಸ್ತರಗೋಳಕ್ಕೇರಿ, ಅಲ್ಲಿಯ ನೇರಿಳಾತೀತ ಕಿರಣಗಳಿಂದ ಒಡೆದು, ಕ್ಲೋರೀನ್ ಪರಮಾಣುಗಳನ್ನು ಬಿಡುತ್ತದೆ. ಒಂದೊಂದು ಕ್ಲೋರೀನ್ ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡುತ್ತದೆ. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ವಸಂತಕಾಲದಲ್ಲಿ ಓಜೋನ್ ತೀರ ತೆಳುವಾಗುತ್ತಿರುವುದನ್ನು ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. 1995ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವು ಮೊಲೀನ, ರೋಲೆಂಡ್ ಮತ್ತು ಪಾಲ್ ಕ್ರುಟ್ಸನ್‌ರಿಗೆ ಸಂದಿತು. ಒಪ್ಪಂದದ ಫಲವಾಗಿ ಆರ್-12ರ ತಯಾರಿಕೆ ನಿಂತು, ಕಾರುಗಳಿಗೆ ಆರ್-134ಎ ಬಂದಿತು.

ಆರ್-134ಎ ಅಣುವಿನಲ್ಲಿ ಕ್ಲೋರೀನ್ ಇಲ್ಲ. ಆದುದರಿಂದ ಓಜೋನಿಗೆ ಅದರಿಂದ ಹಾನಿಯಿಲ್ಲ. ಇದನ್ನು ಕೇಳಿದ ಹಲವರು ಅದು ಸಂಪೂರ್ಣ ನಿರಪಾಯವೆಂದು ತಿಳಿದುಬಿಟ್ಟರು. ಅಪಾಯ ಇನ್ನೊಂದು ದಿಕ್ಕಿನಿಂದ ಬಂದಿತು. ಭೂಮಿಯಿಂದ ಹೊರಹೊಮ್ಮುವ ಉಷ್ಣವನ್ನು ಹಿಡಿದಿಡುವುದರಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ, ಒಂದು ಕಿಲೋಗ್ರಾಮು ಆರ್-134ಎ ಅನಿಲವು ಸುಮಾರು 1,400 ಕಿಲೋಗ್ರಾಮು ಇಂಗಾಲದ ಡೈ ಆಕ್ಸೈಡಿಗೆ ಸಮ.

ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಲಿ. ಒಂದು ಕಾರಿನಿಂದ ಒಂದು ವರ್ಷದಲ್ಲಿ ಅರ್ಧ ಕಿಲೋಗ್ರಾಮು ಸೋರಿದರೆ ಅದು 700 ಕಿಲೋಗ್ರಾಮು ಇಂಗಾಲದ ಡೈ ಆಕ್ಸೈಡಿಗೆ ಸಮನಾಯಿತು. ಒಂದು ಲೀಟರು ಪೆಟ್ರೋಲು ಉರಿದಾಗ ಹೊರಡುವ ಡೈ ಆಕ್ಸೈಡು ಸುಮಾರು 2.3 ಕಿಲೋಗ್ರಾಮು. ಭಾಗಿಸಿದರೆ ದೊರೆಯುವುದು 300 ಲೀಟರಿಗೂ ತುಸು ಹೆಚ್ಚು. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿನಲ್ಲಿ ಇದು 4,500 ಕಿಲೋಮೀಟರಾಗುತ್ತದೆ. ಎಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗಿ ಮರಳುವ ದಾರಿ. ಮನೆಯ ಮುಂದೆ ಸುಮ್ಮನೆ ನಿಂತ ಕಾರೊಂದು ಸದ್ದಿಲ್ಲದೆ ದೆಹಲಿಗೆ ಹೋಗಿ ಬಂದಷ್ಟು ಹೊರೆಯನ್ನು ಆಕಾಶದ ಮೇಲೆ ಹೇರುತ್ತದೆ! ಇಂತಹ ಕಾರುಗಳು ನೂರಲ್ಲ, ಸಾವಿರವಲ್ಲ. ಹನಿಗೂಡಿ ಹಳ್ಳವಾಗುವುದು ಹೀಗೆಯೇ.

ಆಕ್ಷೇಪಗಳು

ನಮ್ಮ ಮಾತಿಗೆ ಎದುರಾಗಿ ಹೇಳಬಹುದಾದುದನ್ನು ನಾವು ಬಲ್ಲೆವು. ಕೂಲಿಂಗ್ ಕಾಯಿಲು ತೂತಾಗಿದ್ದರೆ ಅದನ್ನು ಬದಲಾಯಿಸಲು ಮುಂಭಾಗದ ಡ್ಯಾಷ್‌ಬೋರ್ಡನ್ನೇ ಕಳಚಬೇಕು. ಹದಿನೈದು ವರ್ಷದ ಕಾರಿಗೆ ಇಷ್ಟೊಂದು ವೆಚ್ಚ ತಕ್ಕುದೆ? ಬಿಸಿಲಿನಲ್ಲಿ ದಿನವೆಲ್ಲ ದುಡಿಯುವ ಟ್ಯಾಕ್ಸಿ ಚಾಲಕನಿಗೆ ತಂಪು ಭೋಗದ ವಸ್ತುವಲ್ಲ, ಹೊಟ್ಟೆಪಾಡಿನ ಅಗತ್ಯ. ಒಂದು ದಿನ ಗಾಡಿ ನಿಂತರೆ ಅವನ ಸಂಪಾದನೆಯೂ ನಿಂತಿತು. ಕೈಯಲ್ಲಿರುವ ಹಣಕ್ಕೆ ಗ್ಯಾಸ್ ತುಂಬಿಸಿಕೊಂಡು ಹೋಗುವುದನ್ನು ಬಿಟ್ಟು ಅವನು ಮಾಡುವುದೇನು?

ಆಕ್ಷೇಪದಲ್ಲಿ ಸತ್ಯವಿದೆ; ಅದನ್ನು ತಳ್ಳಿಹಾಕುವವರು ನಾವಲ್ಲ. ಆದರೆ ಸೋರಿಕೆಯನ್ನು ಹುಡುಕುವ ಮೊದಲೇ ದೋಷ ಕಾಯಿಲಿನಲ್ಲಿಯೇ ಇದೆಯೆಂದು ಹೇಗೆ ತಿಳಿಯಿತು? ಗಡುಸಾದ ಓ-ರಿಂಗು, ಸಡಿಲವಾದ ವಾಲ್ವಿನ ಎಸಳು, ಕಳೆದುಹೋದ ಅದರ ಮುಚ್ಚಳ, ಇಂತಹ ಅಲ್ಪ ಬೆಲೆಯ ವಸ್ತುಗಳೂ ಸೋರಿಕೆಗೆ ಕಾರಣವಾಗುವುದುಂಟು. ಹುಡುಕಿದ ಮೇಲಲ್ಲದೆ ವೆಚ್ಚದ ಮಾತೇ ಹುಟ್ಟಕೂಡದು. ಇನ್ನು ದೋಷ ಕಾಯಿಲಿನಲ್ಲಿಯೇ ಇದ್ದರೆ, ಪ್ರತಿ ವರ್ಷ ತುಂಬಿಸುವ ಅನಿಲದ ಬೆಲೆಯನ್ನೂ, ಎಣ್ಣೆಯಿಲ್ಲದೆ ಸವೆದು ಮುಂದೆ ಕೈಕೊಡುವ ಕಂಪ್ರೆಸರಿನ ಬೆಲೆಯನ್ನೂ ಕೂಡಿಸಿ ನೋಡಬೇಕು. ಅಗ್ಗವೆಂದು ತೋರಿದ ದಾರಿ ಅಗ್ಗವಾಗಿ ಉಳಿಯುವುದು ಅಪರೂಪ. ದುರಸ್ತಿಯ ವೆಚ್ಚವನ್ನು ಹೊರಲು ನಿಜವಾಗಿಯೂ ಆಗದಿದ್ದರೆ, ಉಳಿದ ಅನಿಲವನ್ನು ಸಿಲಿಂಡರಿಗೆ ತೆಗೆಸಿಟ್ಟು, ಅನುಕೂಲವಾಗುವವರೆಗೆ ಕಿಟಕಿಗಳನ್ನು ತೆರೆದು ಓಡಿಸುವುದೇ ಸರಿಯೆಂದು ನಾವು ಭಾವಿಸುತ್ತೇವೆ. ಈ ಮಾತು ಕಲಬುರಗಿಯ ಮೇ ತಿಂಗಳಲ್ಲಿ ಎಷ್ಟು ಕಠಿನವೆಂಬುದು ನಮಗೆ ತಿಳಿಯದುದಲ್ಲ. ಆದುದರಿಂದಲೇ, ದುಡಿಮೆಯ ವಾಹನಗಳ ಇಂತಹ ದುರಸ್ತಿಗೆ ಸುಲಭ ಸಾಲವನ್ನೋ ಸಹಾಯಧನವನ್ನೋ ಕೊಡುವ ವಿಚಾರ ಸರಕಾರಕ್ಕೆ ಬರಬೇಕು.

ಅಡ್ಡದಾರಿಗಳ ವಿಷಯದಲ್ಲಿಯೂ ಎಚ್ಚರಿಕೆ ಹೇಳಬೇಕಾಗಿದೆ. ಅಡುಗೆ ಅನಿಲವನ್ನೋ ಅಂತಹ ಉರಿಯುವ ಮಿಶ್ರಣವನ್ನೋ ಅಗ್ಗವೆಂದು ಹಳೆಯ ಕಾರಿಗೆ ತುಂಬುವುದು ಪ್ರಾಣಾಪಾಯದ ಕೆಲಸ. ಈಗಾಗಲೇ ಸೋರುತ್ತಿರುವ ಕಾಯಿಲಿನಿಂದ ಅದು ಮುಚ್ಚಿದ ಕಾರಿನೊಳಗೆ ತುಂಬಿಕೊಂಡರೆ ಒಂದು ಕಿಡಿ ಸಾಕು. ತೂತನ್ನು ಒಳಗಿನಿಂದಲೇ ಮುಚ್ಚುವುದೆಂದು ಮಾರುವ ಅಂಟು ದ್ರವಗಳು ವಾಲ್ವಿನ ಕಂಡಿಯನ್ನೂ ಅನಿಲ ತೆಗೆಯುವ ಯಂತ್ರವನ್ನೂ ಕಟ್ಟಿಸಿಬಿಡಬಲ್ಲವು. ದ್ರವ ಶೈತ್ಯಕಾರಿ ಬರಿಗೈಗೆ ತಗಲಿದರೆ ಚರ್ಮ ಹೆಪ್ಪುಗಟ್ಟಿ ಸುಟ್ಟಂತಾಗುತ್ತದೆ. ಕೊಳವೆ ಬಿಚ್ಚುವ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಮಾಡಕೂಡದು.

ಮಾಡತಕ್ಕುದೇನು?

ಮೇಲೆ ಹೇಳಿದ ಯೂರೋಪಿನ ನಿರ್ದೇಶದಲ್ಲಿ ಇನ್ನೊಂದು ನಿಯಮವಿದೆ: ಅಸಹಜ ಪ್ರಮಾಣದಲ್ಲಿ ಅನಿಲ ಸೋರಿದ್ದರೆ, ಅಗತ್ಯವಾದ ದುರಸ್ತಿ ಮುಗಿಯುವವರೆಗೆ ಯಂತ್ರಕ್ಕೆ ಅಂತಹ ಅನಿಲವನ್ನು ತುಂಬಕೂಡದು. ನಾವು ಬಯಸುವುದೂ ಇದನ್ನೇ. ಅಮೆರಿಕದಲ್ಲಿ 1990ರ ಕಾನೂನು ತಿದ್ದುಪಡಿಯ ಮೇರೆಗೆ, ಸಂಬಳಕ್ಕಾಗಿ ಕಾರಿನ ಏ.ಸಿ. ದುರಸ್ತಿ ಮಾಡುವವರು ಪ್ರಮಾಣಪತ್ರ ಪಡೆದಿರಬೇಕು, ಅನಿಲವನ್ನು ಹಿಡಿಯುವ ಯಂತ್ರವನ್ನು ಬಳಸಬೇಕು. ಭಾರತವು 2016ರ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅಂಗೀಕರಿಸಿದೆ. ಅದರಂತೆ ಆರ್-134ಎ ಮೊದಲಾದ ಅನಿಲಗಳ ಬಳಕೆ 2028ರಲ್ಲಿ ಏರದಂತೆ ನಿಂತು, 2032ರಿಂದ ಇಳಿಯತೊಡಗಿ, 2047ರ ಹೊತ್ತಿಗೆ ನೂರಕ್ಕೆ 85 ಪಾಲು ಕಡಮೆಯಾಗಬೇಕು. 2019ರಲ್ಲಿ ಹೊರಬಂದ ಭಾರತದ ತಂಪುಗೊಳಿಸುವಿಕೆಯ ಕಾರ್ಯಯೋಜನೆಯು ಒಂದು ಲಕ್ಷ ದುರಸ್ತಿ ಕುಶಲಿಗಳ ತರಬೇತಿಯ ಗುರಿಯನ್ನು ಇರಿಸಿಕೊಂಡಿತು. ಗುರಿಗಳು ಉತ್ತಮವಾಗಿವೆ. ಆದರೆ ಅವು ನೆರವೇರತಕ್ಕದ್ದು ರಸ್ತೆ ಬದಿಯ ಚಿಕ್ಕ ಗ್ಯಾರೇಜಿನಲ್ಲಿ. ಹೊಸ ಅನಿಲ ತುಂಬುವ ಮೊದಲು ಹಳೆಯದನ್ನು ಸ್ಕ್ರೂಡ್ರೈವರಿನ ತುದಿಯಿಂದ ವಾಲ್ವು ಒತ್ತಿ ಬುಸ್ಸೆಂದು ಗಾಳಿಗೆ ಬಿಡುವ ಕೈಯನ್ನು ತಡೆಯಬೇಕಾದುದು ಅಲ್ಲಿ. ಅನಿಲವನ್ನು ಹಿಡಿಯುವ ಯಂತ್ರ ದುಬಾರಿಯಾದುದರಿಂದ, ಹತ್ತಾರು ಗ್ಯಾರೇಜುಗಳು ಸೇರಿ ಸಹಕಾರ ಪದ್ಧತಿಯಲ್ಲಿ ಒಂದನ್ನು ಕೊಳ್ಳಲು ಸರಕಾರ ನೆರವಾಗಲಿ. ಐ.ಟಿ.ಐ.ಗಳಲ್ಲಿ ಶೈತ್ಯಯಂತ್ರದ ತರಬೇತಿ ಪಡೆಯುವ ತರುಣರಿಗೆ ತಕ್ಕಡಿಯ ಉಪಯೋಗವನ್ನು ಗೇಜಿನ ಉಪಯೋಗಕ್ಕಿಂತ ಮೊದಲು ಕಲಿಸಲಿ.

ನಮ್ಮ ತರುಣ ವಾಚಕರಿಂದ ನಾವು ಅಪೇಕ್ಷಿಸುವುದು ಬಹಳವೇನಲ್ಲ. ಮನೆಯ ಕಾರನ್ನು ಗ್ಯಾರೇಜಿಗೆ ಒಯ್ಯುವಾಗ ಹಿರಿಯರೊಡನೆ ಹೋಗಿ, ವಿನಯದಿಂದ ಮೂರು ಪ್ರಶ್ನೆಗಳನ್ನು ಕೇಳಲಿ. ಎಲ್ಲಿ ಸೋರುತ್ತಿದೆ? ಒಳಗೆ ಉಳಿದಿರುವ ಅನಿಲವನ್ನು ಏನು ಮಾಡುತ್ತೀರಿ? ಎಷ್ಟು ಗ್ರಾಮು ತುಂಬುತ್ತೀರಿ? ಮೊದಲ ಸಲ ಮೆಕ್ಯಾನಿಕ್ ನಕ್ಕಾನು. ಹತ್ತು ಗಿರಾಕಿಗಳು ಇದನ್ನೇ ಕೇಳಿದರೆ ಅವನು ತಕ್ಕಡಿಯನ್ನು ತಂದಿಡುತ್ತಾನೆ. ಏಕೆಂದರೆ ಅವನೂ ಕೆಲಸ ಬಲ್ಲವನು, ಈವರೆಗೆ ಅವನನ್ನು ಯಾರೂ ಕೇಳಿರಲಿಲ್ಲ ಅಷ್ಟೆ. ಮಾಂಟ್ರಿಯಲ್ ಒಪ್ಪಂದದ ನಂತರ ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕದ ಮೇಲೆ ಅದು 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುವುದೆಂದು 2022ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸರಿಯಾದ ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ತಕ್ಕಂತೆ ನಡೆದುಕೊಂಡರೆ ಆಕಾಶದ ಗಾಯವೂ ಮಾಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಮುಂಬರುವ ಬೇಸಗೆಯಲ್ಲಿ ಆ ಪ್ರಶ್ನೆಯನ್ನು ನಮ್ಮ ನಮ್ಮ ಊರಿನ ಗ್ಯಾರೇಜಿನಲ್ಲಿಯೂ ಕೇಳೋಣ.